ಸೀಟು ಸಿಕ್ಕ ಮೇಲಿನ ಪಾಠ

ಧರ್ಮಪುರಿಯಿಂದ ಹೊಗೇನಕಲ್‌ಗೆ ಹೊರಟ ನಮ್ಮ ಪ್ರವಾಸಿಗರಿಗೆ ಪೆನ್ನಾಗರಂ ಎಂದರೆ ದಾರಿಯಲ್ಲಿ ಚಹಾ ಕುಡಿಯುವ ಊರು. ಹರಿಗೋಲು, ಎಣ್ಣೆ ಮಾಲೀಸು, ಕರಿದ ಮೀನಿನ ಗುಂಗಿನಲ್ಲಿರುವವರಿಗೆ ಈ ತಾಲ್ಲೂಕಿನ ಮಕ್ಕಳು ಏನು ಓದುತ್ತಾರೆ ಎಂಬ ಕುತೂಹಲ ಹುಟ್ಟುವುದು ಕಷ್ಟ. ಮಳೆಯನ್ನೇ ನಂಬಿದ ಹೊಲಗಳು, ಬೆಂಗಳೂರಿನ ಗಾರೆ ಕೆಲಸಕ್ಕೋ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಹೊರಡುವ ಯುವಕರು, ತಮಿಳಿನ ಜೊತೆ ಕನ್ನಡ, ತೆಲುಗು ಕಿವಿಗೆ ಬೀಳುವ ಸಂತೆ: ಗಡಿನಾಡಿನ ಪರಿಚಿತ ಚಿತ್ರವೇ. ಆದರೆ ಹತ್ತಿರದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೊಂದು ಬಂದಿದೆ.

1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ಸೇಲಂ ಜಿಲ್ಲೆ. ಸೇಲಂನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1966ರಲ್ಲಿ, ಜಿಲ್ಲೆ ಒಡೆದ ಮರುವರ್ಷ. 1994ರಲ್ಲಿ ಆಗಿನ ಧರ್ಮಪುರಿ ಜಿಲ್ಲೆಯ ಬರಗೂರಿನಲ್ಲಿ ಇನ್ನೊಂದು ಬಂತು. 2004ರಲ್ಲಿ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಅದೂ ಆ ಕಡೆ ಹೋಯಿತು. ಧರ್ಮಪುರಿಗೆ ತನ್ನದೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸಿಕ್ಕಿದ್ದು 2013ರಲ್ಲಿ, ಪಟ್ಟಣದ ಆಚೆಯ ಚೆಟ್ಟಿಕರೈಯಲ್ಲಿ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎಂಬ ಐದು ವಿಭಾಗ. ಅಣ್ಣಾ ವಿಶ್ವವಿದ್ಯಾಲಯದ ಅಧೀನ.

ಸಿಇಟಿ ಭಯದಲ್ಲಿ ಬೆಳೆದ ಕನ್ನಡ ಓದುಗರಿಗೆ ಅಲ್ಲಿಯ ಪ್ರವೇಶ ಪದ್ಧತಿ ಬೆರಗು ಹುಟ್ಟಿಸಬಹುದು. ತಮಿಳುನಾಡಿನಲ್ಲಿ 2007ರಿಂದ ಎಂಜಿನಿಯರಿಂಗ್‌ಗೆ ರಾಜ್ಯದ ಪ್ರವೇಶ ಪರೀಕ್ಷೆಯೇ ಇಲ್ಲ. ಪ್ಲಸ್ ಟೂ ಗಣಿತಕ್ಕೆ 100, ಭೌತವಿಜ್ಞಾನಕ್ಕೆ 50, ರಸಾಯನವಿಜ್ಞಾನಕ್ಕೆ 50, ಒಟ್ಟು 200ರ ಕಟ್‌ಆಫ್. ಕೋಚಿಂಗ್ ಸೆಂಟರಿಗೆ ದುಡ್ಡು ಸುರಿಯಲಾಗದ ಮನೆಗಳಿಗೆ ಇದೇ ದೊಡ್ಡ ಆಸರೆ. 2021ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸುಗಳಲ್ಲಿ ಶೇ 7.5 ಸೀಟು ಮೀಸಲಿಡುವ ಕಾನೂನು ಬಂತು. ಅವರ ಬೋಧನಾ ಶುಲ್ಕ, ಹಾಸ್ಟೆಲ್ ಖರ್ಚು ಸರ್ಕಾರದ್ದೇ. ಮನೆಯಲ್ಲಿ ಮೊದಲ ಪದವೀಧರರಾಗುವವರಿಗೆ ತಹಶೀಲ್ದಾರರ ಕಚೇರಿಯಿಂದ ‘ಫಸ್ಟ್ ಗ್ರಾಜುಯೇಟ್’ ಸರ್ಟಿಫಿಕೇಟ್ ತಂದರೆ ಶುಲ್ಕದಲ್ಲಿ ರಿಯಾಯಿತಿ ಬೇರೆ.

ಹೀಗೆ ಸೀಟಿನ ಚಿಂತೆ ಅಷ್ಟಿಷ್ಟು ನೀಗಿತು. ತಲೆನೋವು ಶುರುವಾಗುವುದು ಮೊದಲ ಸೆಮಿಸ್ಟರಿನಲ್ಲಿ. ಮನೆಯಲ್ಲಿ ಕನ್ನಡವೋ ತೆಲುಗೋ, ಶಾಲೆಯಲ್ಲಿ ತಮಿಳು, ಈಗ ಇದ್ದಕ್ಕಿದ್ದಂತೆ ಇಂಗ್ಲಿಷ್ ಪುಸ್ತಕ. ಗಣಿತ ಗೊತ್ತಿದ್ದೂ ಪ್ರಶ್ನೆಯೇ ಅರ್ಥವಾಗದೆ ಅರಿಯರ್ ಬೀಳುತ್ತದೆ (ನಾವು ಬ್ಯಾಕ್‌ಲಾಗ್ ಅನ್ನುತ್ತೇವಲ್ಲ, ಅದೇ). ಹುಡುಗರನ್ನು ದೂರುವುದು ಸುಲಭ. ಪಾಠ ಹೇಳುವವರ ಕಡೆಯೂ ನೋಡಬೇಕು. ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿ.ಇಡಿ. ಬೇಕು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಇ. ಪದವಿಯಿದ್ದರೆ ಮರುದಿನವೇ ತರಗತಿಗೆ ಹೋಗಬಹುದು. ಕಲಿಸುವುದನ್ನು ಕಲಿಯದೆ ಕಲಿಸಲು ನಿಲ್ಲುವ ಈ ವಿಚಿತ್ರ ದೇಶದ ಎಲ್ಲ ಕಡೆ ಇದೆ. ಪಾಲಿಟೆಕ್ನಿಕ್ ಶಿಕ್ಷಕರಿಗಾಗಿ 1964ರಲ್ಲೇ ಮದ್ರಾಸಿನ ತರಮಣಿಯಲ್ಲಿ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆ ಆರಂಭವಾಗಿತ್ತು. ಕರ್ನಾಟಕದ ಶಿಕ್ಷಕರಿಗೂ ಅದೇ ಗುರುಮನೆ. ಎಂಜಿನಿಯರಿಂಗ್ ಕಾಲೇಜಿನ ಹೊಸ ಅಧ್ಯಾಪಕರೂ ಕಲಿಯಬೇಕೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಎಂಟು ಮಾಡ್ಯೂಲ್‌ಗಳ ಆನ್‌ಲೈನ್ ತರಬೇತಿ ತಂದದ್ದು ತೀರ ಈಚೆಗೆ.

ಆನ್‌ಲೈನ್ ತರಬೇತಿ ಬೇಡವೆಂದಲ್ಲ. ಆದರೆ ಪೆನ್ನಾಗರಂ ಸುತ್ತಮುತ್ತ ಅದಕ್ಕಿಂತ ಒಳ್ಳೆಯ ಪಠ್ಯ ಬಯಲಲ್ಲೇ ಇದೆ. ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಬಾಲ್ಯದಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಅದಕ್ಕೇ ಜಪಾನಿನ ಸಾಲ ತಂದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಿದರು. 2008ರಲ್ಲಿ ಶಂಕುಸ್ಥಾಪನೆ, 2013ರಲ್ಲಿ ಉದ್ಘಾಟನೆ, ಖರ್ಚು 1,900 ಕೋಟಿ ರೂಪಾಯಿಗೂ ಮೇಲೆ. ಕರ್ನಾಟಕದಲ್ಲಿ ಈ ಯೋಜನೆಯ ನೆನಪು ಉಳಿದಿರುವುದು ಎರಡು ರಾಜ್ಯಗಳ ನಡುವಿನ 2008ರ ಗಡಿ ಗಲಾಟೆಯಾಗಿ ಮಾತ್ರ. ಆ ಜಗಳ ಪಕ್ಕಕ್ಕಿಟ್ಟು ಕೊಳವೆಗಳನ್ನು ನೋಡಿದರೆ ಬೇರೆಯೇ ಕತೆ ಕಾಣುತ್ತದೆ.

ಕಾವೇರಿ ಹರಿಯುವುದು ಕಣಿವೆಯ ತಳದಲ್ಲಿ, ಊರುಗಳಿರುವುದು ಮೇಲೆ. ನೀರನ್ನು ಎತ್ತಿ, ಶುದ್ಧಗೊಳಿಸಿ, ಪೆನ್ನಾಗರಂ ಹತ್ತಿರದ ಮಡಂನ ದೊಡ್ಡ ಜಲಸಂಗ್ರಹಾಗಾರಕ್ಕೆ ಮುಟ್ಟಿಸಿ, ಅಲ್ಲಿಂದ ಎರಡು ಜಿಲ್ಲೆಗಳಿಗೆ ಹಂಚುತ್ತಾರೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಲೆಕ್ಕದ ಪ್ರಕಾರ ಕಾಲು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ಪಂಪಿನ ದಕ್ಷತೆ ಶೇ 70 ಎಂದಿಟ್ಟುಕೊಂಡರೆ ಅದು ಸುಮಾರು 0.4 ಯೂನಿಟ್ ಆಗುತ್ತದೆ. ಕೊಳವೆಯ ಘರ್ಷಣೆ ಸೇರಿಸಿದರೆ ಇನ್ನಷ್ಟು. ಈ ಒಂದು ಲೆಕ್ಕದಲ್ಲಿ ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಮೂರೂ ಕೂತಿವೆ.

ಇನ್ನು ಮನೆಯ ಬಿಂದಿಗೆಯ ನೀರು. ಜಿರ್ಕೋನಿಯಂ ಬೆರೆಸಿದ ಬಣ್ಣದ ದ್ರಾವಣವನ್ನು ಪರೀಕ್ಷಾ ನಳಿಕೆಯ ನೀರಿಗೆ ಕೆಲವು ಹನಿ ಹಾಕಿ ಅಲುಗಾಡಿಸಿದರೆ, ಫ್ಲೋರೈಡ್ ಕಡಿಮೆಯಿದ್ದಲ್ಲಿ ನಸುಗೆಂಪು ಉಳಿಯುತ್ತದೆ, ಹೆಚ್ಚಿದ್ದಲ್ಲಿ ಹಳದಿಗೆ ತಿರುಗುತ್ತದೆ. ಪಕ್ಕದಲ್ಲಿ ಬಣ್ಣದ ಪಟ್ಟಿ ಹಿಡಿದು ಹೋಲಿಸಿದರೆ ಪ್ರಮಾಣದ ಅಂದಾಜು ಸಿಕ್ಕಿತು. ಬಕೆಟ್ಟಿನಲ್ಲಿ ಸುಣ್ಣ, ಪಟಿಕ, ಬ್ಲೀಚಿಂಗ್ ಪೌಡರ್ ಹಾಕಿ ಕದಡಿ ತಿಳಿಗೊಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ಎಂದೋ ತೋರಿಸಿಕೊಟ್ಟಿದೆ. ಅಜ್ಜಿಯ ಕಂದು ಹಲ್ಲು ನೋಡುತ್ತ ಬೆಳೆದ ಹುಡುಗಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುತ್ತದೆ.

ಹೀಗೆ ಕಲಿಸುವುದು ಹಗಲುಗನಸಲ್ಲ. ಹುಬ್ಬಳ್ಳಿಯಲ್ಲಿ ನಡೆಯುತ್ತಿದೆ. 1947ರಲ್ಲಿ ಹುಟ್ಟಿದ ಬಿವಿಬಿ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಮೊದಲ ವರ್ಷದ ಎಲ್ಲ ಶಾಖೆಯ ವಿದ್ಯಾರ್ಥಿಗಳಿಗೂ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ಕೋರ್ಸು ಇಟ್ಟಿದೆ. ತಂಡ ಕಟ್ಟಿಕೊಂಡು, ಯಾರಿಗೆ ಏನು ಬೇಕೆಂದು ಕೇಳಿ, ಬೇಡಿಕೆಗಳಲ್ಲಿ ಮುಖ್ಯವಾದದ್ದನ್ನು ಆರಿಸಿ, ಆರ್ಡುಯಿನೊ ಬೋರ್ಡು, ಮೋಟಾರು, ಸೆನ್ಸರ್ ಜೋಡಿಸಿ ನಡೆಯುವ ಮಾದರಿ ಮಾಡಬೇಕು. ಅಷ್ಟೇ ಮುಖ್ಯವೆಂದರೆ, ಎಂಜಿನಿಯರಿಂಗ್ ಕಲಿಸುವ ಬಗೆಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡ ಕೇಂದ್ರವೊಂದು ಅಲ್ಲಿದೆ. ಅದಕ್ಕೂ ಮುಂಚೆ, 2008ರ ಬೇಸಿಗೆಯಲ್ಲಿ, ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಅಮೆರಿಕದ ಪ್ರಾಧ್ಯಾಪಕರು ಭಾರತದ ನೂರಾರು ಎಂಜಿನಿಯರಿಂಗ್ ಅಧ್ಯಾಪಕರಿಗೆ ಪಾಠ ಹೇಳುವ ಪಾಠ ಹೇಳಿದ್ದರು. ಮೇಷ್ಟ್ರುಗಳನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಸಣ್ಣ ಕೆಲಸವಲ್ಲ.

ಹುಬ್ಬಳ್ಳಿಯವರು ತಮ್ಮ ಪಠ್ಯ ತಾವೇ ಬರೆದುಕೊಳ್ಳಬಲ್ಲರು. ವಿಶ್ವವಿದ್ಯಾಲಯದ ಅಧೀನದಲ್ಲಿರುವ ಕಾಲೇಜಿಗೆ ಆ ಸ್ವಾತಂತ್ರ್ಯವಿಲ್ಲ, ಪ್ರಶ್ನೆಪತ್ರಿಕೆ ಚೆನ್ನೈನಿಂದ ಬರುತ್ತದೆ ಎಂಬ ತಕರಾರು ಸಹಜ. ಅರ್ಧ ಮಾತ್ರ ನಿಜ. ಅಣ್ಣಾ ವಿಶ್ವವಿದ್ಯಾಲಯದ 2021ರ ನಿಯಮಾವಳಿಯಲ್ಲಿ ಥಿಯರಿ ವಿಷಯಗಳಿಗೆ 60 ಅಂಕ ಸೆಮಿಸ್ಟರ್ ಪರೀಕ್ಷೆಗೆ, 40 ಆಂತರಿಕ ಮೌಲ್ಯಮಾಪನಕ್ಕೆ. ಪ್ರಯೋಗಾಲಯಕ್ಕೆ ಇದು ತಿರುವುಮುರುವು, ಆಂತರಿಕವೇ 60. 2022ರ ಮಾರ್ಚ್‌ನಲ್ಲಿ ಶುರುವಾದ ‘ನಾನ್ ಮುದಲ್ವನ್’ ಯೋಜನೆಯಡಿ ಉದ್ಯಮಗಳಿಗೆ ಬೇಕಾದ ಕೌಶಲದ ಕೋರ್ಸುಗಳೂ ಕಾಲೇಜಿನೊಳಗೆ ಬಂದಿವೆ. ಮಡಂನ ಪಂಪುಗಳ ಲೆಕ್ಕವನ್ನೋ ಹತ್ತು ಹಳ್ಳಿಗಳ ನೀರಿನ ಬಣ್ಣದ ಪರೀಕ್ಷೆಯನ್ನೋ ಆಂತರಿಕ ಅಂಕದ ಅಸೈನ್‌ಮೆಂಟ್ ಮಾಡಲು ಸಿಂಡಿಕೇಟಿನ ಠರಾವು ಬೇಕಿಲ್ಲ. ವಿಭಾಗದ ಮುಖ್ಯಸ್ಥರ ಒಪ್ಪಿಗೆ, ನೀರು ಸರಬರಾಜು ಮಂಡಳಿಗೆ ಒಂದು ಪತ್ರ, ಒಂದು ದಿನದ ಬಸ್ಸು ಇದ್ದರೆ ಆಯಿತು.