ಅರಸಿನದ ಗುಣವೂ ಎದೆಯ ಗಡ್ಡೆಯೂ

ಕಳೆದ ಮಳೆಗಾಲದ ಒಂದು ಆದಿತ್ಯವಾರ ಬಲಿಪೂಜೆಯ ಬಳಿಕ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಇಗರ್ಜಿಯ ಬದಿಯ ಬಾಗಿಲಲ್ಲಿ ಕಾದು ನಿಂತಿದ್ದರು. "ಫಾದರ್, ದಿನಾ ಬೆಳಿಗ್ಗೆ ಅರಸಿನದ ಕಷಾಯ ಕುಡಿಯುತ್ತಾ ಇದ್ದೇನೆ. ಎದೆಯ ಗಡ್ಡೆ ಕರಗುತ್ತದಂತಲ್ಲ?" ಎಂದು ಮೆಲ್ಲನೆ ಕೇಳಿದರು. ಗಡ್ಡೆ ಕೈಗೆ ಸಿಕ್ಕಿ ಐದು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಈ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಗಿಡಗಳನ್ನು ನಂಬಿದ್ದು ಅವರ ತಪ್ಪಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಪಡೆದ ವಿನ್‌ಕ್ರಿಸ್ಟಿನ್ ಎಂಬ ಮದ್ದು ಮಕ್ಕಳ ರಕ್ತ ಕ್ಯಾನ್ಸರಿಗೆ ಉಪಯೋಗವಾಗುತ್ತದೆ. ಅಮೆರಿಕದ ಯೂ ಎಂಬ ಮರದ ತೊಗಟೆಯಲ್ಲಿ ಮೊದಲು ದೊರೆತ ಪ್ಯಾಕ್ಲಿಟಾಕ್ಸೆಲ್ 1994ರಲ್ಲಿ ಅಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಮಂಜೂರಾಯಿತು. ಆದರೆ ಇವುಗಳನ್ನು ಶುದ್ಧೀಕರಿಸಿ, ಅಳೆದು, ವೈದ್ಯರ ಕಣ್ಣೆದುರಿನಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ನಿತ್ಯಪುಷ್ಪದ ಎಲೆಯನ್ನು ಮನೆಯಲ್ಲಿ ಕುದಿಸಿ ಕುಡಿದರೆ ಅದು ವಿಷವಾದೀತು.

ರೋಗ ಬಂದ ಮೇಲೆ ಕೊಡುವ ಮದ್ದು ಬೇರೆ, ಬಾರದಂತೆ ತಡೆಯುವುದು ಬೇರೆ. ಅರಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಸ್ತನ ಕ್ಯಾನ್ಸರಿನ ಜೀವಕೋಶಗಳ ಬೆಳವಣಿಗೆಯನ್ನು ತಡೆದದ್ದುಂಟು. ಆದರೆ ನಾವು ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟಾಯಿತು. ಇದು ದೊಡ್ಡ ಶೋಧನೆಯೇ ಸರಿ. ಆದರೆ ಅವರು ಅಳೆದದ್ದು ರಕ್ತವನ್ನು. ರೋಗ ತಡೆಯಿತೇ ಎಂಬುದನ್ನಲ್ಲ. ಲೆಕ್ಕವನ್ನೂ ನೋಡಿ: 100 ಗ್ರಾಂ ಅರಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. 2 ಗ್ರಾಂ ಬೇಕಾದರೆ 60 ಗ್ರಾಂಗಿಂತಲೂ ಹೆಚ್ಚು ಪುಡಿ ತಿನ್ನಬೇಕು!

1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪಾಲ್ ತಲಾಲೇ ಮತ್ತು ಸಂಗಡಿಗರು ಬ್ರೊಕೊಲಿಯಲ್ಲಿ ಸಲ್ಫೊರಾಫೇನ್ ಎಂಬ ವಸ್ತುವನ್ನು ಗುರುತಿಸಿದರು. ಅದು ಜೀವಕೋಶಗಳು ವಿಷವನ್ನು ಹೊರಹಾಕುವ ಶಕ್ತಿಯನ್ನು ಎಚ್ಚರಿಸುತ್ತದೆ. ಅದೇ ಕುಟುಂಬದ ಕ್ಯಾಬೇಜು, ಮೂಲಂಗಿ, ಸಾಸಿವೆಗಳಲ್ಲಿಯೂ ಇಂಥದೇ ಬಗೆಯ ವಸ್ತುಗಳಿವೆ. ಹೆಚ್ಚು ಹೊತ್ತು ಬೇಯಿಸಿದರೆ ಅವು ಬಹುಮಟ್ಟಿಗೆ ನಷ್ಟವಾಗುತ್ತವೆ. ಆದುದರಿಂದ ಕ್ಯಾಬೇಜಿನ ಪಲ್ಯವನ್ನು ಮೆತ್ತಗಾಗುವಷ್ಟು ಬೇಯಿಸಬೇಡಿ.

ಹಾಗಾದರೆ ಮಾತ್ರೆ ಮಾಡಿ ನುಂಗಬಹುದಲ್ಲ ಎನ್ನುವವರಿಗೆ ಫಿನ್ಲೆಂಡಿನ ಪಾಠವಿದೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕೆರೋಟಿನ್ ಕ್ಯಾನ್ಸರನ್ನು ತಡೆದೀತೆಂದು ಅಲ್ಲಿ 29 ಸಾವಿರ ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ಪರೀಕ್ಷೆ ನಡೆಸಿದರು. 1994ರಲ್ಲಿ ಫಲಿತಾಂಶ ಬಂದಾಗ, ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ತರಕಾರಿ ಬೇರೆ, ಅದರಿಂದ ತೆಗೆದ ಸಾರ ಬೇರೆ. ಅರಸಿನದ ಮಾತ್ರೆಗಳಿಂದಲೂ ಕೆಲವರ ಪಿತ್ತಕೋಶಕ್ಕೆ ಅಲ್ಲ, ಯಕೃತ್ತಿಗೇ ಹಾನಿಯಾದದ್ದುಂಟು.

ಸ್ತನ ಕ್ಯಾನ್ಸರನ್ನು ತಡೆಯುತ್ತದೆಂದು ರುಜುವಾತಾದ ಸಸ್ಯಸಾರ ಇಂದಿಗೂ ಒಂದೂ ಇಲ್ಲ. ಆದರೆ ಅಪಾಯವನ್ನು ಕಡಿಮೆ ಮಾಡುವ ಸಂಗತಿಗಳಿವೆ. 30 ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ಪ್ರಕಟವಾದ ವರದಿಯಂತೆ, ತಾಯಿ ಮಗುವಿಗೆ ಎದೆಹಾಲು ಕೊಟ್ಟ ಪ್ರತಿ 12 ತಿಂಗಳಿಗೂ ಅಪಾಯ ಶೇಕಡಾ 4.3ರಷ್ಟು ಕಡಿಮೆಯಾಗುತ್ತದೆ. ಮುಟ್ಟು ನಿಂತ ಮೇಲೆ ಮೈತೂಕ ಏರದಂತೆ ನೋಡಿಕೊಳ್ಳುವುದು, ಮೈಮುರಿದು ದುಡಿಯುವುದು, ಮದ್ಯ ಮುಟ್ಟದಿರುವುದು, ಇವೂ ಸಹಾಯಕ.

ಎಲ್ಲಕ್ಕಿಂತ ಮುಖ್ಯ, ಬೇಗ ತೋರಿಸುವುದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರ ಮೇಲೆ 20 ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಈ ರೋಗದ ಸಾವು ಶೇಕಡಾ 30ರಷ್ಟು ಇಳಿದಿತ್ತು. ನೋವಿಲ್ಲವೆಂದು ಸುಮ್ಮನಿರಬೇಡಿ, ಸುರುವಿನಲ್ಲಿ ಹೆಚ್ಚಾಗಿ ನೋವಿರುವುದಿಲ್ಲ. ಎದೆಯಲ್ಲಿ ಅಥವಾ ಕಂಕುಳಲ್ಲಿ ಗಡ್ಡೆ, ಚರ್ಮದಲ್ಲಿ ಕುಳಿ, ಒಳಸೇದಿದ ತೊಟ್ಟು, ರಕ್ತದ ಸ್ರಾವ, ಯಾವುದು ಕಂಡರೂ ಅದೇ ವಾರ ವೈದ್ಯರಿಗೆ ತೋರಿಸಿ. ಹೆಚ್ಚಿನ ಗಡ್ಡೆಗಳು ಕ್ಯಾನ್ಸರ್ ಆಗಿರುವುದಿಲ್ಲ. ಗಂಡಸರಿಗೂ ಒಂದು ಮಾತು: ಅಡಿಕೆ ಕೊಯ್ಲು ಮುಗಿಯಲಿ ಎಂದು ಹೆಂಡತಿಯನ್ನು ಕಾಯಿಸಬೇಡಿ.

ಆ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. ಈಗ ಅವರಿಗೆ ಕೊಡುತ್ತಿರುವ ಮದ್ದುಗಳಲ್ಲಿ ಪ್ಯಾಕ್ಲಿಟಾಕ್ಸೆಲ್ ಕೂಡ ಒಂದು. ಐದು ತಿಂಗಳು ಮೊದಲೇ ಹೋಗಿದ್ದರೆ ದಾರಿ ಇನ್ನೂ ಸುಲಭವಿತ್ತೆಂದು ವೈದ್ಯರು ಹೇಳಿದರು. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಮಣ್ಣಿನಿಂದ ಬರುವ ಮದ್ದನ್ನೂ ಅದನ್ನು ಕೊಡುವ ವೈದ್ಯನನ್ನೂ ಒಟ್ಟಿಗೇ ದೇವರ ಕೊಡುಗೆಯೆನ್ನುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡದಿರೋಣ. ಅವರಿಗಾಗಿ ಪ್ರಾರ್ಥಿಸಿರಿ.