ವಿಡಿಯೋದಿಂದ ಡಿವಿಡಿ: ಲ್ಯಾಪ್‌ಟಾಪ್‌ಗೆ ಇಷ್ಟು ಹೊತ್ತೇಕೆ?

ಮೊಬೈಲಿನಲ್ಲಿ ತೆಗೆದ ಎರಡು ಗಂಟೆಯ ಮದುವೆಯ ವಿಡಿಯೋವನ್ನು ಹಳ್ಳಿಯಲ್ಲಿರುವ ಅಜ್ಜಿಯ ಡಿವಿಡಿ ಪ್ಲೇಯರಿನಲ್ಲಿ ತೋರಿಸಬೇಕು ಎಂದುಕೊಳ್ಳಿ. ಆ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಲು ಕೆಲವು ನಿಮಿಷ ಸಾಕು. ಡಿವಿಡಿಯಾಗಿ ಪರಿವರ್ತಿಸಲು ಹೊರಟರೆ ಲ್ಯಾಪ್‌ಟಾಪ್ ಗಂಟೆಗಟ್ಟಲೆ ತೆಗೆದುಕೊಳ್ಳಬಹುದು. ಈ ಸಮಯವೆಲ್ಲ ಎಲ್ಲಿ ಹೋಗುತ್ತದೆ?

ಮೊದಲು ತಟ್ಟೆಗೆ ಬರೆಯುವ ಕೆಲಸವನ್ನು ನೋಡೋಣ. 1ಎಕ್ಸ್ ವೇಗವೆಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. ಒಂದು ಪದರದ ತಟ್ಟೆಯಲ್ಲಿ 4.7 ಗಿಗಾಬೈಟ್ ಹಿಡಿಸುತ್ತದೆ. ಅದನ್ನು ತುಂಬಲು 1ಎಕ್ಸ್‌ನಲ್ಲಿ ಸುಮಾರು 57 ನಿಮಿಷ, 8ಎಕ್ಸ್‌ನಲ್ಲಿ ಸುಮಾರು 7 ನಿಮಿಷ ಬೇಕು. ಸಿದ್ಧತೆ, ಮುಕ್ತಾಯ ಸೇರಿಸಿ ಹತ್ತು ನಿಮಿಷ ಎನ್ನೋಣ. ಉಳಿದ ಸಮಯವನ್ನೆಲ್ಲ ನುಂಗುವುದು ಅದಕ್ಕೆ ಮುಂಚಿನ ಸಂಕೋಚನ.

ನಮ್ಮಲ್ಲಿ ಬಳಕೆಯಲ್ಲಿರುವ ಪಾಲ್ ಮಾದರಿಯ ಡಿವಿಡಿಯಲ್ಲಿ ಪ್ರತಿ ಚಿತ್ರಕ್ಕೆ 720×576 ಬಿಂದುಗಳು, ಸೆಕೆಂಡಿಗೆ 25 ಚಿತ್ರಗಳು. ಸಂಕೋಚಿಸದಿದ್ದರೆ ಎರಡು ಗಂಟೆಗೆ ಸುಮಾರು 112 ಗಿಗಾಬೈಟ್ ಆಗುತ್ತದೆ. ಅದನ್ನು 4.7ಕ್ಕೆ ಇಳಿಸಬೇಕು. ಇಲ್ಲಿ ಬಳಸುವ ವಿಧಾನ ಎಂಪೆಗ್-2. ವಧು ತಲೆ ಎತ್ತಿದಾಗ ಮುಖವಷ್ಟೇ ಸರಿಯುತ್ತದೆ, ಹಿಂದಿನ ಮಂಟಪ ಇದ್ದಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ಚಿತ್ರವನ್ನೂ ಇಡಿಯಾಗಿ ದಾಖಲಿಸದೆ, 16×16 ಬಿಂದುಗಳ ಚೌಕಗಳಾಗಿ ಒಡೆದು, ಪ್ರತಿ ಚೌಕ ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಎಂದು ಹುಡುಕಿ, ಎಷ್ಟು ಸರಿಯಿತು, ಏನು ಬದಲಾಯಿತು ಎಂಬುದನ್ನಷ್ಟೇ ಬರೆಯಲಾಗುತ್ತದೆ.

ಈ ಹುಡುಕಾಟವೇ ದುಬಾರಿ. ಒಂದು ಚಿತ್ರದಲ್ಲಿ 1,620 ಚೌಕಗಳು. ನಾಲ್ಕೂ ದಿಕ್ಕಿಗೆ 15 ಬಿಂದುಗಳವರೆಗೆ ಹುಡುಕಿದರೆ ಪ್ರತಿ ಚೌಕಕ್ಕೆ 961 ಸ್ಥಾನಗಳು, ಪ್ರತಿ ಸ್ಥಾನದಲ್ಲಿ 256 ಹೋಲಿಕೆಗಳು. ಒಂದು ಸೆಕೆಂಡಿನ ಚಿತ್ರಕ್ಕೇ ಸುಮಾರು ಸಾವಿರ ಕೋಟಿ ಹೋಲಿಕೆ! ತಂತ್ರಾಂಶಗಳು ಎಲ್ಲ ಸ್ಥಾನಗಳನ್ನೂ ನೋಡದೆ ಜಾಣತನದಿಂದ ಕೆಲವನ್ನಷ್ಟೇ ಪರೀಕ್ಷಿಸುತ್ತವೆ. ಸಂಸ್ಕಾರಕಗಳೂ ನೆರವಾಗುತ್ತವೆ: 1999ರ ಪೆಂಟಿಯಂ-3ರಲ್ಲಿಯೇ ಎಂಟು ಬಿಂದುಗಳನ್ನು ಒಟ್ಟಿಗೆ ಹೋಲಿಸುವ ಆದೇಶವೊಂದಿತ್ತು.

'ಫಾಸ್ಟ್' ಆಯ್ಕೆ ಒತ್ತಿದರೆ ಹುಡುಕಾಟ ಇನ್ನಷ್ಟು ಮೊಟಕಾಗುತ್ತದೆ. ಮಂತ್ರ ಹೇಳುವ ಪುರೋಹಿತರ ದೃಶ್ಯಕ್ಕೆ ಅದರಿಂದ ಹೆಚ್ಚು ನಷ್ಟವಿಲ್ಲ. ಅಕ್ಷತೆ ಬೀಳುವಾಗ ನೋಡಿ: ಒಂದೊಂದು ಕಾಳೂ ಒಂದೊಂದು ಕಡೆ ಹಾರುತ್ತದೆ, ಪರದೆ ಚೌಕ ಚೌಕವಾಗಿ ಒಡೆಯುತ್ತದೆ. ನೀವು ಕಾದಿದ್ದ ಕ್ಷಣವೇ ಅದು. 'ಟೂ ಪಾಸ್' ವಿಧಾನದಲ್ಲಿ ತಂತ್ರಾಂಶ ಮೊದಲ ಸುತ್ತಿನಲ್ಲಿ ಕಷ್ಟದ ದೃಶ್ಯಗಳನ್ನು ಗುರುತಿಸಿಕೊಂಡು, ಎರಡನೆಯದರಲ್ಲಿ ಅವಕ್ಕೆ ಹೆಚ್ಚು ಬಿಟ್‌ಗಳನ್ನು ಕೊಡುತ್ತದೆ. ಸಮಯ ಹೆಚ್ಚುಕಡಿಮೆ ಇಮ್ಮಡಿ. ಮದುವೆಯ ವಿಡಿಯೋಗೆ ಅಷ್ಟು ಕಾಯಬಹುದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಲ್ಯಾಪ್‌ಟಾಪ್‌ಗೆ ಎಷ್ಟು ಹೊತ್ತು? ಎರಡು ಗಂಟೆಯೆಂದರೆ 1,80,000 ಚಿತ್ರಗಳು. ಸೆಕೆಂಡಿಗೆ ಎಷ್ಟು ಚಿತ್ರ ಮುಗಿಯುತ್ತಿವೆ ಎಂದು ಅನೇಕ ತಂತ್ರಾಂಶಗಳು ತೋರಿಸುತ್ತವೆ. 50 ಆದರೆ ಸುತ್ತಿಗೆ ಒಂದು ಗಂಟೆ, 12.5 ಆದರೆ ನಾಲ್ಕು ಗಂಟೆ. ಆದರೆ ಮೊದಲ ನಿಮಿಷದ ಅಂಕಿಯನ್ನು ನಂಬಬೇಡಿ. ಸಂಸ್ಕಾರಕದ ವಿದ್ಯುತ್ ಬಳಕೆ ಆವೃತ್ತಿಯೊಂದಿಗೆ ಮಾತ್ರವಲ್ಲ, ವೋಲ್ಟೇಜಿನ ವರ್ಗದೊಂದಿಗೂ ಏರುತ್ತದೆ. ತೆಳುವಾದ ಪೆಟ್ಟಿಗೆಯಿಂದ ಶಾಖ ಬೇಗ ಹೊರಹೋಗದು. ಬಿಸಿ ಮಿತಿ ಮುಟ್ಟಿದಾಗ ಸಂಸ್ಕಾರಕ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹದಿನೈದು ನಿಮಿಷ ಕಳೆದ ಮೇಲೆ ಕಾಣುವ ಅಂಕಿಯಿಂದ ಲೆಕ್ಕ ಹಾಕಿ. ಚಾರ್ಜರ್ ಜೋಡಿಸಿರಲಿ, ಯಂತ್ರ ಗಟ್ಟಿ ಮೇಜಿನ ಮೇಲಿರಲಿ, ಹಾಸಿಗೆಯ ಮೇಲೆ ಬೇಡ.