ಬಂಗಾಳದವನೋ, ಬಾಂಗ್ಲಾದವನೋ? ಹೇಳೋರು ಯಾರು?

ಕಾಮಾಕ್ಷಿಪಾಳ್ಯ: ಮಾಗಡಿ ರಸ್ತೆಯ ಅಕ್ಕಪಕ್ಕದ ಗಲ್ಲಿಗಳಲ್ಲಿ ಲೇತು, ಪ್ರೆಸ್ಸು ಮಷೀನುಗಳ ಸದ್ದು ನಿಂತಿಲ್ಲ. ಟೀ ಅಂಗಡಿ ಮುಂದೆ ಕನ್ನಡ, ತಮಿಳಿನ ಜೊತೆ ಈಗ ಹಿಂದಿ, ಬಂಗಾಳಿಯೂ ಕಿವಿಗೆ ಬೀಳುತ್ತದೆ. ಮಾಲೀಕರ ತಲೆನೋವು ಇಷ್ಟೇ: ಕೆಲಸ ಕೇಳಿಕೊಂಡು ಬಂದ ಹುಡುಗ ನಮ್ಮ ದೇಶದವನು ಹೌದೋ ಅಲ್ಲವೋ?

ಮಾತು ಕೇಳಿ ಹೇಳೋಕಾಗಲ್ಲ. ಬಂಗಾಳಿ ಆಡುವವರು ಪಶ್ಚಿಮ ಬಂಗಾಳದಲ್ಲಿದ್ದಾರೆ, ತ್ರಿಪುರಾದಲ್ಲಿದ್ದಾರೆ, ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ಇದ್ದಾರೆ. ಆಧಾರ್ ನೋಡೋಣವೆಂದರೆ, ಅದು ಪೌರತ್ವಕ್ಕೆ ಸಾಕ್ಷಿಯಲ್ಲವೆಂದು ಆಧಾರ್ ಕಾಯ್ದೆಯೇ ಹೇಳುತ್ತದೆ. ರಾತ್ರಿ ಸೀಟಿ ಊದುವ ನೇಪಾಳದ ಗೂರ್ಖಾನ ಕಥೆ ಬೇರೆ. 1950ರ ಒಪ್ಪಂದದ ಪ್ರಕಾರ ಅವನಿಗೆ ವೀಸಾ ಬೇಕಿಲ್ಲ!

ಹಾಗಾದರೆ ಹಿಡಿಯೋರು ಯಾರು? ಪೌರತ್ವ, ಪಾಸ್‌ಪೋರ್ಟು ದಿಲ್ಲಿಯ ಬಾಬತ್ತು, ಪೊಲೀಸು ರಾಜ್ಯದ್ದು. ವಿದೇಶಿಯರನ್ನು ಹೊರಹಾಕುವ ಅಧಿಕಾರವನ್ನು ಕೇಂದ್ರ 1958ರಲ್ಲೇ ರಾಜ್ಯಗಳಿಗೂ ವಹಿಸಿಕೊಟ್ಟಿತು. ಅಲ್ಲಿಂದ ಜಗ್ಗಾಟ. ರಾಜ್ಯ ಕಣ್ಣುಮುಚ್ಚಿಕೊಂಡಿದೆ ಅಂತ ಒಂದು ಕಡೆ, ಗಡಿ ಕಾಯಬೇಕಾದ್ದು ಕೇಂದ್ರ ಅಂತ ಇನ್ನೊಂದು ಕಡೆ. ಇದು ನಮ್ಮಲ್ಲಷ್ಟೇ ಇರುವ ಜಗಳವೂ ಅಲ್ಲ. ಅಮೆರಿಕದ ಅರಿಜೋನಾ ರಾಜ್ಯ 2010ರಲ್ಲಿ ತಾನೇ ವಲಸೆ ಕಾನೂನು ಮಾಡಿಕೊಂಡಾಗ ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ಅದರ ಕೆಲವು ಮುಖ್ಯ ಅಂಶಗಳನ್ನು ಹೊಡೆದುಹಾಕಿತು.

ಬೆಂಗಳೂರಿನ ಪೊಲೀಸರು ಸುಮ್ಮನೆ ಕೂತವರೇನಲ್ಲ. 2019ರ ಅಕ್ಟೋಬರ್‌ನಲ್ಲಿ ಸುಮಾರು 60 ಮಂದಿಯನ್ನು ಬಾಂಗ್ಲಾದವರೆಂದು ಹಿಡಿದು ಮುಂದಿನ ತಿಂಗಳು ರೈಲಿನಲ್ಲಿ ಬಂಗಾಳಕ್ಕೆ ಸಾಗಿಸಿದರು. ನೆಲಮಂಗಲದ ಬಳಿ ಸೊಂಡೇಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೇ ಹಾಸ್ಟೆಲ್ಲು ವಿದೇಶಿಯರನ್ನಿಡುವ ಕೇಂದ್ರವಾಯಿತು.

ಎಡವಟ್ಟಾದದ್ದು 2020ರ ಜನವರಿಯಲ್ಲಿ. ಕರಿಯಮ್ಮನ ಅಗ್ರಹಾರದ ಗುಡಿಸಲುಗಳಲ್ಲಿ ಅಕ್ರಮ ಬಾಂಗ್ಲಾದವರು ಇರಬಹುದೆಂದು ಅಂದಿನ ಮಹದೇವಪುರ ಶಾಸಕ ಅರವಿಂದ ಲಿಂಬಾವಳಿ ವಿಡಿಯೋ ಹಾಕಿದರು. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು. ಗುಡಿಸಲು ಕಳೆದುಕೊಂಡವರು ಕೈಯಲ್ಲಿ ಚೀಟಿ ಹಿಡಿದು ನಿಂತರು. ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು! ದುಡಿಯಲು ಬಂದ ಕನ್ನಡಿಗನೇ ರಾಜಧಾನಿಯಲ್ಲಿ ಪರದೇಶಿಯಾದ. ತೆರವು ಮೇಲ್ನೋಟಕ್ಕೇ ಕಾನೂನುಬಾಹಿರವೆಂದು ಹೈಕೋರ್ಟ್ ಫೆಬ್ರುವರಿಯಲ್ಲಿ ಹೇಳಿತು. ಅಷ್ಟರಲ್ಲಿ ಗುಡಿಸಲು ನೆಲಕ್ಕೆ ಬಿದ್ದಾಗಿತ್ತು.

ಹಾಗಂತ ಕಾನೂನೇ ಬೇಡವೆನ್ನಲು ಬರುವುದಿಲ್ಲ. ಸುಳ್ಳು ಕಾಗದ ಮಾಡಿಕೊಟ್ಟು ದುಡ್ಡು ಎಣಿಸುವ ದಲ್ಲಾಳಿಗೆ ಬಿಸಿ ಮುಟ್ಟಲೇಬೇಕು. ಕಮ್ಮಿ ಕೂಲಿಗೆ ಸಿಗುತ್ತಾನೆಂದು ಏನೂ ಕೇಳದೆ ಸೇರಿಸಿಕೊಳ್ಳುವ ಧಣಿಯೂ ಸಾಚಾ ಅಲ್ಲ.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೇ ಕಾಯ್ದೆಗಳು ರದ್ದು. ಪಾಸ್‌ಪೋರ್ಟು, ವೀಸಾ ಇಲ್ಲದೆ ಒಳನುಸುಳಿದ ವಿದೇಶಿಗೆ 5 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ವಿದೇಶಿಗೆ ತಂಗಲು ಜಾಗ ಕೊಟ್ಟವರು ನೋಂದಣಿ ಅಧಿಕಾರಿಗೆ ತಿಳಿಸಬೇಕು. ರೂಮು ಬಾಡಿಗೆ ಕೊಡೋರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಒಂದು ಅಂಶ ಮಾತ್ರ ಹಳೆಯದೇ. ತಾನು ವಿದೇಶಿಯಲ್ಲವೆಂದು ತೋರಿಸುವ ಹೊಣೆ ಸಿಕ್ಕಿಬಿದ್ದವನದೇ. ಅದಕ್ಕೇ ಈ ಗಲ್ಲಿಗಳ ಬಂಗಾಳಿ ಹುಡುಗರು ಊರಿನಿಂದ ಅಪ್ಪನ ವೋಟರ್ ಚೀಟಿ, ಶಾಲೆಯ ಟಿಸಿ ತರಿಸಿಟ್ಟುಕೊಳ್ಳಬೇಕಾಗಿದೆ.